ಎದೆಯ ಮೇಲಿನ ಹೆಸರು

ಶಾಲೆಯ ಹಿಂದಿನ ಬಾವಿ ದಾರಿ ಹಿಡಿಯಬೇಡ ಅಂತ ನಾನು ಅವನಿಗೆ ಹೇಳಿಯೇ ಇದ್ದೆ. ಕೇಳಿದರೆ ತಾನೆ? ಸ್ಟೇಷನ್ನಿನಿಂದ ಶಾಲೆಯ ಗೇಟಿಗೆ ಅದೇ ಹತ್ತಿರ. ಬೆಳಗಿನ ಜಾವ ಮೂರೂವರೆ. ಕಂಕುಳಲ್ಲಿ ಮಡಿಸಿದ ನೀಲಿ ಹಾಸು, ಹೆಗಲಲ್ಲಿ ಕ್ಯಾಮೆರಾ ಚೀಲ. ಒಬ್ಬನೇ ನಡೆದುಕೊಂಡು ಬರುತ್ತಿದ್ದಾನೆ...

ಯಾಸುಶಿ ನನ್ನ ಚಿಕ್ಕಪ್ಪನ ಮಗ. ಅವನಿಗೆ ಆದದ್ದು, ಅರ್ಧ ನನ್ನ ಕಣ್ಣಮುಂದೆಯೇ ಆದದ್ದು. ಸುಳ್ಳಾಡಿದರೆ ನನ್ನ ನಾಲಿಗೆಗೆ ಹುಳ ಬೀಳಲಿ.

ಆ ದಿನ ಪ್ರೈಮರಿ ಶಾಲೆಯ ಕ್ರೀಡಾದಿನ. ಗೇಟು ತೆರೆಯುವುದು ಆರಕ್ಕೆ. ಆದರೆ ಓಟದ ಗೆರೆಯ ಪಕ್ಕ ಮುಂದಿನ ಸಾಲಿನಲ್ಲಿ ಹಾಸು ಹಾಸಿ ಜಾಗ ಹಿಡಿಯಬೇಕಲ್ಲ, ಅದಕ್ಕೆ ನಮ್ಮೂರ ಅಪ್ಪಂದಿರು ಮೂರು ಗಂಟೆಯಿಂದಲೇ ಗೇಟಿನ ಮುಂದೆ ಸಾಲು ನಿಲ್ಲುತ್ತಾರೆ. ಆಫೀಸಿಗೆ ಯಾವತ್ತೂ ಇಷ್ಟು ಬೇಗ ಎದ್ದವರಲ್ಲ. ಯಾಸುಶಿಯಂತೂ ಹಿಂದಿನ ರಾತ್ರಿಯ ಕೊನೆಯ ರೈಲಿಗೇ ಬಂದಿಳಿದು, ಸ್ಟೇಷನ್ ಬೆಂಚಿನ ಮೇಲೆ ಕೂತು ಹೊತ್ತು ಕಳೆದಿದ್ದ. ನಮ್ಮ ಮನೆಗೆ ಬಾರೋ ಅಂದರೆ ಬರಲಿಲ್ಲ. ನಾಚಿಕೆ.

ಅವನಿಗೂ ಹೆಂಡತಿಗೂ ಬಿಟ್ಟುಹೋಗಿ ಆಗ ಎರಡು ವರ್ಷ. ಮಗಳು ಚಿಹಾರು ಇಲ್ಲೇ ನಮ್ಮೂರಿನಲ್ಲಿ, ತಾಯಿ ರಿತ್ಸುಕೊ ಹತ್ತಿರ. ಇವನು ನಗೋಯಾದಲ್ಲಿ, ಒಂದೇ ಕೋಣೆಯ ಮನೆಯಲ್ಲಿ. ಮಗಳನ್ನು ನೋಡಲು ವರ್ಷಕ್ಕೆ ಒಂದೇ ದಿನ, ಈ ಕ್ರೀಡಾದಿನ. ದೂರದಿಂದ ವಿಡಿಯೊ ತೆಗೆದುಕೊಳ್ಳಬಹುದು. ಅವರ ಹಾಸಿನ ಮೇಲೆ ಕೂತು ಊಟ ಮಾಡುವ ಹಾಗಿಲ್ಲ. ಹಾಗೆ ತೆಗೆದ ವಿಡಿಯೊವನ್ನು ಆ ಪ್ರಾಣಿ ವರ್ಷವಿಡೀ, ಪ್ರತಿ ಶನಿವಾರ ರಾತ್ರಿ, ಅಂಗಡಿಯ ತಣ್ಣನೆ ಊಟದ ಡಬ್ಬಿ ತೊಡೆ ಮೇಲಿಟ್ಟುಕೊಂಡು ನೋಡುತ್ತಿತ್ತು. ನಿಲ್ಲಿಸಿ ನೋಡಿದರೆ ಮಗಳ ಮುಖದ ಜಾಗದಲ್ಲಿ ಬರೀ ಮಸಕು. ಇದನ್ನು ಅವನೇ ನನಗೆ ಹೇಳಿದಾಗ ನನಗೆ ಅಳು ಬಂತು, ಸಿಟ್ಟೂ ಬಂತು.

ಆ ವರ್ಷವೇ ಕೂದಲೆಳೆಯೂ ಸ್ಪಷ್ಟ ಕಾಣುವ ಫೋರ್‌ಕೆ ಕ್ಯಾಮೆರಾ ಬಡವರ ಕೈಗೂ ಎಟುಕಿದ್ದು. ಅಲ್ಲಿಯವರೆಗೆ ಅದು ಟಿವಿಯವರ ಸೊತ್ತು. ಕ್ರೀಡಾದಿನ ಹತ್ತಿರವಾಯಿತು, ಸೆಪ್ಟೆಂಬರ್ ಬಂತು ನೋಡಿ, ನಮ್ಮ ಅಂಗಡಿಯ ಕ್ಯಾಮೆರಾ ಕೌಂಟರಿಗೆ ಅಪ್ಪಂದಿರು ಮುಗಿಬಿದ್ದರು. ಹತ್ತೊಂಬತ್ತು ವರ್ಷ ಇದೇ ಕೌಂಟರಿನ ಹಿಂದೆ ನಿಂತವಳು ನಾನು, ಅಂಥ ಜಾತ್ರೆ ಕಂಡಿರಲಿಲ್ಲ. ಹೆಂಡತಿಯರು ಮಾತ್ರ, "ನನ್ನ ಕಡೆ ತಿರುಗಿಸಿದ್ರೆ ನೋಡಿ! ಒಂದೊಂದು ಸುಕ್ಕೂ ಎಣಿಸ್ಬೋದು ಇದ್ರಲ್ಲಿ" ಅಂತ ಗಂಡಂದಿರನ್ನು ಗದರುತ್ತಿದ್ದರು.

ಯಾಸುಶಿಯೂ ಬಂದ.

"ಫುಸಾ ಅಕ್ಕ, ದೂರದಿಂದ ತೆಗೆದ್ರೂ ಮುಖ ಕಾಣ್ಬೇಕು. ಅಂಥದ್ದು ಕೊಡು."

"ಮುಖ ಏನೋ, ಎದೆ ಮೇಲಿನ ಹೆಸರೂ ಓದ್ಬೋದು!" ಅಂದೆ.

ಎಲ್ಲರಿಗೂ ಹೇಳುತ್ತಿದ್ದ ಮಾತೇ ಅದು. ಮಕ್ಕಳ ಆಟದ ಅಂಗಿಯ ಎದೆಗೆ ಬಿಳಿ ಬಟ್ಟೆಯ ತುಂಡು ಹೊಲಿದು ತರಗತಿ, ಹೆಸರು ಬರೆದಿರುತ್ತದಲ್ಲ, ಅದು. ಇಪ್ಪತ್ತು ಕ್ಯಾಮೆರಾ ಮಾರಿದ್ದೆ ಆ ಒಂದು ಮಾತಿನಲ್ಲಿ.

ಸರಿ... ಬಾವಿಯ ಹತ್ತಿರ ಬಂದ. ಅದಕ್ಕೆ ಕಬ್ಬಿಣದ ಮುಚ್ಚಳ, ಮೇಲೆ ಕಲ್ಲು. ನೀರು ಸೇದಿದ್ದನ್ನು ನಾನೂ ಕಂಡಿಲ್ಲ. ದಾಟಿ ನಾಲ್ಕು ಹೆಜ್ಜೆ ಇಟ್ಟಿರಬೇಕು.

ಟಪ್.

ನಿಂತ.

ಟಪ್... ಟಪ್.

ಅವನಿಗೆ ಆ ಸದ್ದು ಗೊತ್ತು. ಮಕ್ಕಳ ಟೋಪಿಗೆ ಗದ್ದದ ಕೆಳಗೆ ಒಂದು ಎಲಾಸ್ಟಿಕ್ ಇರುತ್ತದೆ. ಬೇಜಾರಾದಾಗ ಅದನ್ನು ಎಳೆದು ಎಳೆದು ಬಿಡುತ್ತವೆ. ಚಿಹಾರುವಿಗೂ ಅದೇ ಚಾಳಿ.

ಬಾವಿಯ ಕಟ್ಟೆಯ ಆ ಕಡೆ ಒಂದು ಹುಡುಗಿ ನಿಂತಿತ್ತು. ಆಟದ ಅಂಗಿ, ಕೆಂಪು ಟೋಪಿ. ಸಾಲಿನಲ್ಲಿ ನಿಂತ ಯಾರದೋ ಮಗು ಇರಬೇಕು, ಅಪ್ಪನ ಜೊತೆ ಎದ್ದು ಬಂದಿದೆ ಅಂದುಕೊಂಡ.

"ಮಾಮ... ಯಾರ ವಿಡಿಯೊ ತೆಗೆಯೋಕೆ ಬಂದ್ರಿ?" ಪಿಸುಮಾತು.

"ನನ್ನ ಮಗಳದ್ದಮ್ಮ."

"ಯಾವ ತಂಡ?"

"ಕೆಂಪು. ಮೂರನೇ ಕ್ಲಾಸು."

"ನಾನೂ." ಟಪ್. "ನಮ್ಮನೆಯಿಂದ ಯಾರೂ ಬರಲ್ಲ... ನನ್ನನ್ನೂ ತೆಗೀತೀರಾ?"

ಇವನಿಗೆ ಆತುರ, ಸಾಲು ಬೆಳೆಯುತ್ತದೆ ಅಂತ. "ಆಯ್ತಮ್ಮ, ತೆಗೀತೀನಿ" ಅಂದುಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರಲ್ಲ... ಗೇಟಿನವರೆಗೂ ಹಿಂದೆ ಜಲ್ಲಿಯ ಮೇಲೆ ರಬ್ಬರ್ ಶೂ ಓಡುವ ಸದ್ದು. ಚರ್ ಚರ್ ಚರ್. ತಿರುಗಿದಾಗ ಇರಲಿಲ್ಲ.

ಮೂರನೇ ತರಗತಿಯ ಎಂಬತ್ತು ಮೀಟರ್ ಓಟ ಹತ್ತೂವರೆಗೆ. ಚಿಹಾರು ಇದ್ದದ್ದು ಐದನೇ ಸುತ್ತಿನಲ್ಲಿ. ನಮ್ಮ ಅಪ್ಪಂದಿರ ಪಾಡು ನಿಮಗೆ ಗೊತ್ತಲ್ಲ. ಕಣ್ಣಲ್ಲಿ ನೋಡುವುದಿಲ್ಲ, ಅಂಗೈಯಗಲದ ಪರದೆಯಲ್ಲಿ ನೋಡುತ್ತಾರೆ. ಮಕ್ಕಳಿಗೆಲ್ಲ ಒಂದೇ ಅಂಗಿ, ಒಂದೊಂದು ತಂಡಕ್ಕೆ ಒಂದೇ ಬಣ್ಣದ ಟೋಪಿ. ಪಿಸ್ತೂಲು ಢಂ ಅಂದಿತು. ಯಾಸುಶಿ ಮಗಳನ್ನು ಹಿಡಿದ, ಬಿಡಲಿಲ್ಲ, ಕೊನೆಯವರೆಗೂ ಕೈ ನಡುಗಲಿಲ್ಲ. ಮೂರನೆಯವಳಾಗಿ ಬಂದಳು. ಓಡಿ ಮುಗಿಸಿದ ಮಕ್ಕಳ ಸಾಲಿನಲ್ಲಿ ಕೂತಳು. ಕೂತವಳು ನೇರ ಕ್ಯಾಮೆರಾ ಕಡೆ ತಿರುಗಿ ನಕ್ಕಳು. ಎರಡು ವರ್ಷದಲ್ಲಿ ಮೊದಲ ಸಲ. ಬಿಸಿಲಿಗೆ ಮುಖ ಸರಿಯಾಗಿ ಕಾಣಲಿಲ್ಲವಂತೆ, ಆದರೆ ನಕ್ಕದ್ದು ಕಂಡಿತು. ಇವನು ಅಲ್ಲೇ ಕಣ್ಣೊರೆಸಿಕೊಂಡ.

ಮಧ್ಯಾಹ್ನ ಆಟದ ಸಾಮಾನಿನ ಶೆಡ್ಡಿನ ಹಿಂದೆ ಕೂತು ಒಬ್ಬನೇ ಅನ್ನದುಂಡೆ ತಿನ್ನುತ್ತಿದ್ದಾಗ ಚಿಹಾರು ಓಡಿ ಬಂದಳು. ಮೊಣಕಾಲಿಗೆ ದೊಡ್ಡ ಪಟ್ಟಿ.

"ಅಪ್ಪ, ನಾನು ಬಿದ್ದಿದ್ದು ತೆಗೆದ್ಯಾ?"

ಯಾಸುಶಿ ಆ ಪಟ್ಟಿಯನ್ನೇ ನೋಡಿದ.

"ಶುರುನಲ್ಲೇ ಬಿದ್ದೆ. ಎಲ್ರೂ ಮುಂದೆ ಹೋದ್ರು. ನೀನು ತೆಗೀತಿದ್ದೀಯ ಅಂತ ಎದ್ದೆ. ಕಡೇ ತನಕ ಓಡಿದೆ ಗೊತ್ತಾ!"

ಯಾಸುಶಿಯ ಬಾಯಲ್ಲಿ ಅನ್ನ ಹಾಗೇ ನಿಂತಿತು. "ತೆಗೆದೆ ಪುಟ್ಟಾ" ಅಂದ.

"ಸೋಮವಾರದೊಳಗೆ ಕಳಿಸ್ತೀಯಾ? ಅಮ್ಮನಿಗೆ ತೋರಿಸ್ಬೇಕು. ಅಪ್ಪ ನಿನ್ನ ನೋಡೋದೇ ಇಲ್ಲ, ಕ್ಯಾಮೆರಾನೇ ನೋಡ್ತಾನೆ ಅಂತಾಳೆ. ಹಾಗಾದ್ರೆ ಬರೋದ್ಯಾಕೆ, ಮುಂದಿನ ವರ್ಷದಿಂದ ಬೇಡ ಅಂತಾಳೆ. ನೋಡಿದ್ಯಲ್ವಾ ಅಪ್ಪ?"

"ನೋಡ್ದೆ."

ರಾತ್ರಿ ಒಂಬತ್ತಕ್ಕೆ, ಅಂಗಡಿ ಬಾಗಿಲು ಎಳೆಯುವ ಹೊತ್ತಿಗೆ ಬಂದ. ಮುಖದಲ್ಲಿ ರಕ್ತವೇ ಇರಲಿಲ್ಲ. "ಅಕ್ಕ, ಬೇರೆ ಯಾರದೋ ಮಗೂನ ತೆಗೆದುಬಿಟ್ಟೆ" ಅಂದ. ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಪ್ರತಿ ವರ್ಷ ಒಬ್ಬಿಬ್ಬರು ಅಪ್ಪಂದಿರು ಹೀಗೆ ಮಾಡಿಕೊಂಡು ಹೆಂಡತಿಯ ಕೈಲಿ ಉಗಿಸಿಕೊಳ್ಳುತ್ತಾರೆ. ಆದರೆ ಇವನಿಗೆ ಉಗಿಯುವುದಕ್ಕೂ ಮನೆಯಲ್ಲಿ ಯಾರಿದ್ದಾರೆ?

ಅಗೋ, ಆ ದೊಡ್ಡ ಟಿವಿಗೆ ಹಾಕಿದೆವು. ಮಗು ಇಡೀ ಪರದೆ ತುಂಬಾ ಓಡುತ್ತಿತ್ತು. ಕೆಂಪು ಟೋಪಿ, ತೆಳ್ಳಗಿನ ಕಾಲು. ನಿಲ್ಲಿಸಿದೆ. ಎದೆ ಮೇಲಿನ ಹೆಸರು ಓದಿದೆ. ಮೂರನೇ ತರಗತಿ, ಎರಡನೇ ವಿಭಾಗ. ಹೊಸೊಯಾ. ಅಕ್ಷರ ಸ್ವಲ್ಪ ಕದಡಿತ್ತು, ಶಾಯಿಗೆ ನೀರು ತಾಗಿದ ಹಾಗೆ.

"ಬೆಳಗ್ಗೆ ಸಿಕ್ಕ ಹುಡುಗಿ ಇರ್ಬೇಕು. ತೆಗೀತೀನಿ ಅಂದಿದ್ದೆ" ಅಂದ ಯಾಸುಶಿ.

"ಅವಳನ್ನ ಬಿಡೋ ಈಗ. ನಿನ್ನ ಮಗಳನ್ನ ಹುಡುಕು."

ಹುಡುಕಿದೆವು. ಎಡಗಡೆ ಮೂಲೆಯಲ್ಲಿ, ಬೆರಳುಗುರಿನಷ್ಟು ಒಂದು ಕೆಂಪು ಚುಕ್ಕೆ ನೆಲದಲ್ಲಿತ್ತು. ಹಳೆಯ ಕ್ಯಾಮೆರಾ ಆಗಿದ್ದರೆ ಅದು ಚುಕ್ಕೆಯಾಗಿಯೇ ಉಳಿಯುತ್ತಿತ್ತು. ಇದರಲ್ಲಿ ಮೂಲೆಯನ್ನಷ್ಟೇ ಕತ್ತರಿಸಿ ದೊಡ್ಡದು ಮಾಡಿದೆ... ಚಿಹಾರು! ಅಂಗೈ ಊರಿದಳು. ತಲೆಯೆತ್ತಿ ಈ ಕಡೆ, ಅಪ್ಪ ಇರುವ ಕಡೆಯೇ ನೋಡಿದಳು. ತುಟಿ ಕಚ್ಚಿದಳು, ಎದ್ದಳು, ಓಡಿದಳು. ಒಂದೊಂದೂ ಕಂಡಿತು. ಯಾಸುಶಿ ಪರದೆಗೆ ಹಣೆ ಹಚ್ಚಿ ನಿಂತುಬಿಟ್ಟ. ಅಳುವುದಾದರೆ ಜೋರಾಗಿ ಅಳಬಾರದೇ? ಸದ್ದೇ ಇಲ್ಲ. ಆ ತುಣುಕನ್ನು ಆಗಲೇ ಕಳಿಸಿದೆವು.

ಮಾರನೆ ಬೆಳಗ್ಗೆ ಯಾಸುಶಿ ಅಂಗಡಿಯಲ್ಲಿದ್ದಾಗಲೇ ಚಿಹಾರು ಫೋನು ಮಾಡಿದಳು, ಅಮ್ಮ ಎರಡು ಸಲ ನೋಡಿದಳಂತೆ, ಮುಂದಿನ ವರ್ಷವೂ ಬಾ ಅಂತ. ಯಾಸುಶಿ ಸುಮ್ಮನೆ ಕೇಳಿದ, "ನಿಮ್ಮ ಕ್ಲಾಸಿನ ಹೊಸೊಯಾ ಮೂರನೇ ಬಂದ್ಲಲ್ಲ?"

"ಯಾರು? ಆ ಹೆಸರಿನೋರು ನಮ್ಮ ಕ್ಲಾಸಲ್ಲಿ ಇಲ್ಲ. ನಮ್ಮ ಸುತ್ತಲ್ಲಿ ಓಡಿದ್ದೇ ಐದು ಜನ ಅಪ್ಪ. ಆರನೇ ಗೆರೆ ಖಾಲಿ ಇತ್ತು."

ನಾನು ಕ್ಯಾಮೆರಾದ ಕಾರ್ಡನ್ನು ಮತ್ತೆ ಟಿವಿಗೆ ಹಾಕಿದೆ. ಚಿಹಾರು ಮೂಲೆಯಲ್ಲಿ ಬೀಳುತ್ತಾಳೆ, ಏಳುತ್ತಾಳೆ, ಎಲ್ಲ ಸರಿ. ಆದರೆ ನಡುವೆ... ಯಾರೂ ಇಲ್ಲ. ಖಾಲಿ ಗೆರೆ. ಒಂದೊಂದು ಮರಳಿನ ಕಾಳೂ ಕಾಣುವಷ್ಟು ಸ್ಪಷ್ಟ. ಕ್ಯಾಮೆರಾ ಆ ಖಾಲಿ ಗೆರೆಯನ್ನೇ ಓಟದ ವೇಗದಲ್ಲಿ ಹಿಂಬಾಲಿಸುತ್ತದೆ, ಕೂತ ಮಕ್ಕಳ ಸಾಲಿನವರೆಗೆ ಹೋಗುತ್ತದೆ, ಎರಡು ಮಕ್ಕಳ ನಡುವಿನ ಖಾಲಿ ಜಾಗದ ಮೇಲೆ ನಿಲ್ಲುತ್ತದೆ. ಧ್ವನಿ ಏರಿಸಿದೆ.

ಟಪ್... ಟಪ್.

ಬೇರೆ ಯಾರಾದರೂ ಆಗಿದ್ದರೆ ಆ ದಾರಿಗೆ ದೂರದಿಂದಲೇ ಕೈಮುಗಿಯುತ್ತಿದ್ದರು. ಇವನು ಮುಂದಿನ ವರ್ಷವೂ ಮೂರೂವರೆಗೆ ಅದೇ ಬಾವಿಯ ದಾರಿಯಲ್ಲಿ ಹೋದ.

"ಬಂದ್ರಾ ಮಾಮ?"

"ಬಂದೆ."

ಅಷ್ಟೇ ಮಾತು. ಅದರ ಮುಂದಿನ ವರ್ಷವೂ ಅಷ್ಟೇ. ಮಗಳ ಓಟ ತೆಗೆಯುವನು. ಈ ಸಲ ಎದೆ ಮೇಲಿನ ಹೆಸರು ನೋಡಿಯೇ! ಆಮೇಲೆ ಮೂರನೇ ತರಗತಿಯ ಓಟದಲ್ಲಿ ಖಾಲಿ ಬಿದ್ದ ಗೆರೆಗೆ ಕ್ಯಾಮೆರಾ ಇಟ್ಟು ಕೊನೆಯವರೆಗೂ ತಿರುಗಿಸುವನು. ಪಕ್ಕದವರು, "ಏನ್ರೀ, ಗಾಳಿ ವಿಡಿಯೊ ತೆಗೀತಿದ್ದೀರಾ?" ಅಂತ ಆಡಿಕೊಂಡರು. "ಹೂಂ, ಅದಕ್ಕೂ ಯಾರಾದ್ರೂ ಬೇಕಲ್ಲ" ಅಂದನಂತೆ.

"ಹೆದರಿಕೆ ಆಗಲ್ವೇನೋ ನಿಂಗೆ?" ಅಂತ ಕೇಳಿದೆ.

"ನಾನು ಬಂದ್ನಾ ಅಂತ ಕೇಳೋರು ಇನ್ನ್ಯಾರಿದ್ದಾರೆ ಅಕ್ಕ?" ಅಂದ.

 

ಚಿಹಾರು ಆರನೇ ತರಗತಿಗೆ ಬಂದಳು. ಕೊನೆಯ ಕ್ರೀಡಾದಿನ. ಆಮೇಲೆ ಅವಳು ಬೇರೆ ಶಾಲೆ, ಇವನಿಗೆ ಈ ಗೇಟಿನೊಳಗೆ ಕಾಲಿಡಲು ಕಾರಣವೇ ಇಲ್ಲ. ಅದರ ಹಿಂದಿನ ರಾತ್ರಿಯೇ ಹಳಿಯ ಮೇಲೆ ಮರ ಬಿದ್ದು ಕೊನೆಯ ರೈಲು ದಾರಿಯಲ್ಲೇ ನಿಂತಿತು. ರಾತ್ರಿಯಿಡೀ ಬೋಗಿಯಲ್ಲೇ ಕೂತು, ಶಾಲೆ ತಲುಪಿದಾಗ ಎಂಟೂವರೆ. ಬಾವಿಯ ಹತ್ತಿರ ಸದ್ದಿಲ್ಲ. ಮೈದಾನದಲ್ಲಿ ಕಾಲಿಡಲು ಜಾಗವಿಲ್ಲ. ಹಿಂದೆ ನಿಂತರೆ ಕಾಣುವುದು ಜನರ ಬೆನ್ನು ಮಾತ್ರ.

ಆದರೆ ಮುಂದಿನ ಸಾಲಿನಲ್ಲಿ, ಓಟ ಮುಗಿಯುವ ಗೆರೆಯ ಪಕ್ಕದಲ್ಲೇ, ಒಬ್ಬರು ಕೂರುವಷ್ಟು ನೀಲಿ ಹಾಸು ಹಾಸಿತ್ತು. ನಾಲ್ಕು ಮೂಲೆಗೆ ನಾಲ್ಕು ಕಲ್ಲು. ಒಂದು ಕಲ್ಲಿನ ಕೆಳಗೆ ಒದ್ದೆ ಚೀಟಿ, ಮಗುವಿನ ಅಕ್ಷರ, ಪೆನ್ಸಿಲ್ಲಿನಲ್ಲಿ: ಯಾಸುಶಿ ಮಾಮ.

ಅವನು ಆ ಬಾವಿಯ ಹುಡುಗಿಗೆ ತನ್ನ ಹೆಸರು ಯಾವತ್ತೂ ಹೇಳಿರಲಿಲ್ಲ. ಸಾಲಿನಲ್ಲಿ ಮೊದಲು ನಿಂತಿದ್ದವರನ್ನು ಆಮೇಲೆ ನಾನೇ ಕೇಳಿದೆ. "ಗೇಟು ತೆಗೆದು ನಾವು ಓಡಿ ಬರೋಷ್ಟರಲ್ಲೇ ಹಾಸಿತ್ತು. ಯಾರಪ್ಪ ಇವನು ನಮಗಿಂತ ಚಾಲಾಕಿ ಅಂತ ಬೈಕೊಂಡ್ವಿ" ಅಂದರು.

ಯಾಸುಶಿ ಅದರ ಮೇಲೆ ಕೂತು ಮಗಳದ್ದು, ಖಾಲಿ ಗೆರೆಯದ್ದು, ಎರಡೂ ಓಟ ತೆಗೆದ. ಆಮೇಲೆ ಈ ಊರಿಗೆ ಬಂದಿಲ್ಲ. ಹೋಗುವಾಗ ಚೀಟಿಯನ್ನು ನನ್ನ ಕೈಗೆ ಕೊಟ್ಟ, ಒಬ್ಬನೇ ಇರುವ ಕೋಣೆಯಲ್ಲಿ ಇದನ್ನು ಇಟ್ಟುಕೊಳ್ಳಲಾರೆ ಅಂತ.

ಕತೆ ಕಟ್ಟಿದೆ ಅಂತೀರಾ? ಈ ಕೌಂಟರಿನ ಕೆಳಗಿನ ಡ್ರಾಯರಿನಲ್ಲೇ ಇದೆ, ನೀವೇ ಎಳೆದು ಮುಟ್ಟಿ ನೋಡಿ. ಮೂರು ವರ್ಷವಾಯಿತು... ಕಾಗದ ಇನ್ನೂ ಒದ್ದೆ.