ಶಫೀಕನ ಪಿಂಗಾಣಿ ಗಡಿಯಾರ

ಬೆಟಗೇರಿಯಲ್ಲಿ ಮಧ್ಯಾಹ್ನ ಹಿಡಿದ ಮಳೆ ಸಂಜೆಯಾದರೂ ಬಿಟ್ಟಿರಲಿಲ್ಲ. ಕರೆಂಟ್ ಹೋಗಿ, ಮೊಬೈಲ್‌ಗಳ ಚಾರ್ಜೂ ತೀರಿ, ನಾವೆಲ್ಲ ಪಡಸಾಲೆಯಲ್ಲಿ ಅಜ್ಜಿಯ ಸುತ್ತ ಬಂದು ಕೂತೆವು. ತಂಗಿ ಸ್ನೇಹಾ ತನ್ನ ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಗೋಡೆಗೆ ಒರಗಿದ್ದಳು. ಗೋಡೆಯ ಮಾಡದಲ್ಲಿದ್ದ ಪಿಂಗಾಣಿ ಗಡಿಯಾರದ ನೀಲಿ ಗಿಳಿಗಳ ಮೇಲೆ, ದಾಳಿಂಬೆ ಹೂಗಳ ಮೇಲೆ, ಚಿನ್ನದ ಅಂಚಿನ ಮೇಲೆ ಬ್ಯಾಟರಿ ದೀಪದ ಬೆಳಕು ಬಿದ್ದಿತ್ತು. ಇಷ್ಟು ಚೆಂದದ್ದನ್ನು ಕೀಲಿ ಕೊಡದೆ ಯಾಕೆ ನಿಲ್ಲಿಸಿದ್ದೀರಿ ಎಂದು ಕೇಳಿದೆ. ಅಜ್ಜಿ ಅನ್ನಪೂರ್ಣವ್ವ ದಣಿದ ಕಣ್ಣು ಉಜ್ಜಿಕೊಂಡಳು.

“ಲಕ್ಷ್ಮೇಶ್ವರದಾಗ ಶಫೀಕ ಅಂತ ಒಬ್ಬ ಗಡಿಯಾರ ರಿಪೇರಿ ಮಾಡಾಂವ ಇದ್ದ. ಮುಂಬೈದ ಪಿಂಗಾಣಿ ಕಾರ್ಖಾನ್ಯಾಗ ದುಡದು ಬಂದಾಂವ... ಹೆಂಡ್ತಿ ತೀರಿಹೋಗಿದ್ಲು, ಇದ್ದಾಕಿ ಒಬ್ಬಾಕಿ ಮಗಳು. ಆ ಹುಡುಗಿಗೆ ಜ್ವರ ಬಂತು. ತಾಸಿಗೊಮ್ಮೆ ಔಷಧ ಹಾಕು ಅಂದ್ರಂತ ಡಾಕ್ಟರು. ಹಗಲೂ ರಾತ್ರಿ ಕುಂತು ಹಾಕಿದ. ಆದ್ರ ಮನಷ್ಯಾ ಎಷ್ಟಂತ ಎಚ್ಚರ ಇದ್ದಾನು, ನೀವ ಹೇಳ್ರಿ? ಬೆಳಕು ಹರಿಯೂಮುಂದ ಕುಂತಲ್ಲೇ ಕಣ್ಣು ಹತ್ತಿದ್ವು... ಎಚ್ಚರಾಗಿ ನೋಡ್ತಾನ, ಮಗಳ ಕೈ ತಣ್ಣಗಾಗಿತ್ತು.

“ಮುಂದ ಕಲ್ತ ವಿದ್ಯಾ ಎಲ್ಲಾ ಸುರದು ಇದನ್ನ ಮಾಡಿದ. ಬಿಳಿ ಮಣ್ಣು ತರಿಸಿ, ಭಟ್ಟಿ ಹಚ್ಚಿ, ಮಗಳಿಗೆ ಸೇರತಿದ್ದ ಗಿಳಿ, ಹೂವು ತಾನ ಬರದು... ತಾಸು ತಾಸಿಗೂ ಗಂಟಿ ಹೊಡದು ತನ್ನ ಎಬ್ಬಸಲಿ ಅಂತ. ಆಮ್ಯಾಲೆ ಅಂವ ಮಲಗಿದ್ದನ್ನ ಯಾರೂ ನೋಡಲಿಲ್ಲ. ಒಂದಿನ ಇದರ ಮುಂದ ಕುಂತಾಂವ ಕುಂತಂಗ ಸತ್ತಿದ್ದ. ಕಣ್ಣು ತೆರದ ಇದ್ವಂತ.

“ನಿಮ್ಮಜ್ಜ ಹುಚ್ಚೀರಪ್ಪ ಹತ್ತಿ ವ್ಯಾಪಾರಕ್ಕ ಅಲ್ಲಿಗೆ ಹೋದಾಗ ಇದನ್ನ ತಂದ್ರು. ಆ ವರ್ಷನ ನಿಮ್ಮಪ್ಪ ವೀರೂಗ ಜ್ವರ, ಇನ್ನೂ ತೊಟ್ಲದಾಗಿನ ಕೂಸು. ತಣ್ಣೀರ ಬಟ್ಟಿ ಹಾಕಿ ಹಾಕಿ ಸಾಕಾಗಿ ನನ್ನ ಕಣ್ಣು ಮುಚ್ಚಿದ್ವು. ಯಾರೋ ಹೆಗಲ ಮ್ಯಾಲೆ ಕೈ ಇಟ್ರು. ‘ಮಲಗಬ್ಯಾಡವ್ವಾ... ನಾ ಮಲಗಿ ಕಳಕೊಂಡೆ’ ಅಂದ್ರು. ತಿರುಗಿದ್ರ ಯಾರೂ ಇಲ್ಲ. ಕೂಸು ಸೆಟದು ನೀಲಿ ಆಗಿತ್ತು. ಎತ್ಕೊಂಡು ದವಾಖಾನಿಗೆ ಓಡಿದೆ. ಉಳೀತು.

“ಉಪಕಾರ ಮಾಡಿದ, ಖರೆ. ಆದ್ರ ಹೋಗಲಿಲ್ಲ. ಕಣ್ಣು ಮುಚ್ಚಿದ್ರ ಸಾಕು, ಹೆಗಲ ಮ್ಯಾಲೆ ಕೈ. ಕೀಲಿ ಕೊಡೂದು ಬಿಟ್ವಿ. ಗಡಿಯಾರ ನಿಂತಿತು, ಅಂವ ನಿಲ್ಲಲಿಲ್ಲ. ಕೂಸು ದೊಡ್ಡದಾತು, ಹೋಗಪ್ಪಾ, ನನಗ ನಿದ್ದಿ ಬೇಕು ಅಂತ ಕೈಮುಗದು ಅತ್ತೀನಿ... ಅಂವಗೂ ಸಾಕಾಗೈತಿ. ದನಿ ಕೇಳಿದ್ರ ಗೊತ್ತಾಗ್ತೈತಿ.”

ಅಜ್ಜಿ ಸ್ನೇಹಾಳ ಮಡಿಲಲ್ಲಿದ್ದ ಕೂಸಿನ ಕಡೆ ನೋಡಿದಳು. ಮಳೆ ಸುರಿಯುತ್ತಲೇ ಇತ್ತು.

“ಇವತ್ತು ಮಧ್ಯಾಹ್ನ ಬಂದಿದ್ದ. ಎಬ್ಬಸಾಕ ಅಲ್ಲ... ‘ಆತವ್ವಾ, ಇನ್ನ ನೀ ಮಲಕ್ಕೊ’ ಅಂದ. ಎಷ್ಟೋ ವರ್ಷದ ಮ್ಯಾಲೆ ನಿದ್ದಿ ಮಾಡ್ದೆ.”

ಕೇಳುತ್ತಲೇ ತೂಕಡಿಸಿದ್ದ ಸ್ನೇಹಾ ಬೆಚ್ಚಿ ನೆಟ್ಟಗೆ ಕೂತಳು. ಹೆಗಲು ಮುಟ್ಟಿಕೊಂಡು ಮೆಲ್ಲಗೆ ತಿರುಗತೊಡಗಿದಳು. ಅವಳ ಹಿಂದೆ ಗೋಡೆಯಷ್ಟೇ ಇತ್ತು.

“ಹಿಂದ ನೋಡಬ್ಯಾಡ, ಸ್ನೇಹಾ,” ಎಂದಳು ಅಜ್ಜಿ. “ಮೊದ್ಲು ಕೂಸಿನ ಮೈ ಮುಟ್ಟಿ ನೋಡು.”