ಮೂರನೆಯ ಬ್ಲೇಡು

ಹೊಡದದ್ದ ಸಾಕು ಬೀರಣ್ಣ... ಸಾಕಂದ್ನೆಲ್ಲೋ! ತುಟಿ ಒಡದೈತಿ ನೋಡಿಲ್ಲೆ, ಧೋತರದ ಮ್ಯಾಲೆಲ್ಲಾ ರಕ್ತ. ಇನ್ನೊಮ್ಮೆ ಕೈ ಎತ್ತಿದ್ರ ನಾ ಮಂದೀನ್ನ ಕರ್ಯಾಂವ... ಯಾಕ, ನಗ್ತಿ? ನಗು. ಖಾನಾಪೂರದಾಗ, ನಿನ್ನ ಮನಿ ಹಿತ್ತಲದ ಶೆಡ್ಡಿನ್ಯಾಗ ನಿಂತ ನಾ ಒದರಿದ್ರ ಯಾರ ಬರ್ತಾರ? ಅದೂ ಖರೇನ ಬಿಡು.

ಏನ ಧೈರ್ಯಲೇ ನಿಂದು! ರವಿವಾರ ಪೇಟ್ಯಾಗ, ನನ್ನ ಅಂಗಡಿ ಕಟ್ಟಿ ಮ್ಯಾಲೆ, ಹಮಾಲರು ನಿಂತ ನೋಡಾಕತ್ತಾಗ ಈ ಬಸಲಿಂಗಪ್ಪನ ಕಪಾಳಕ್ಕ ಹೊಡದಿ. ಟೆಂಪೋದಾಗ ಚೀಲ ಒಗದಂಗ ಒಗದಿ. ಯಾಕ ತಂದಿ ಅಂತ ಕೇಳಿದ್ರ ಈ ಕಟಗಿ ಕೊರಿಯೂ ಮಶೀನಿನ ಕಡೆ ಬೊಟ್ಟ ಮಾಡ್ತಿ, ಅಷ್ಟ.

ನನಗೇನ ಕೆಟ್ಟ ಅನಿಸಿಲ್ಲೇನು? ನಿನ್ನ ತಮ್ಮ ರಾಯಪ್ಪನ್ನ ದವಾಖಾನ್ಯಾಗ ನೋಡಿ ಬಂದೀನಿ. ತಿರಗೂ ಬ್ಲೇಡ್ ತುಂಡಾಗಿ ಹಾರಿ ಮಾರಿಗೆ ಬಡದ್ರ ಮನಷ್ಯಾ ಏನಾಗ್ತಾನ... ಒಂದ ಕಣ್ಣ ಹೋತು. ಗಲ್ಲ ಅನ್ನೂದ ಹರದ ಕೆಳಗ ಜೋತಬಿದ್ದಿತ್ತಂತ... ಆತು, ಆತು, ಹೇಳೂದಿಲ್ಲ. ಕೈ ಇಳಿಸು.

ತಪ್ಪ ಯಾರದು, ಅದನ್ನ ನೋಡೂಣು. ಸಿಟ್ಟಲೆ ಅಲ್ಲ, ಶಾಣ್ಯಾತನಲೆ. ನೀ ಕುರಿ ಮಾರಿ ನನ್ನ ಅಂಗಡ್ಯಾಗ ತಮ್ಮಗ ಇದನ್ನ ಕೊಡಿಸಿದಿ, ಹೌದಿಲ್ಲೊ? ಕುರಿ ಬ್ಯಾರೆ, ಮಶೀನ ಬ್ಯಾರೆ. ನೋಡ, ಮ್ಯಾಲೊಂದ ಗಾಲಿ, ಕೆಳಗೊಂದ ಗಾಲಿ, ಎರಡನೂ ಸುತ್ತಿ ಈ ಹಲ್ಲಿನ ಬ್ಲೇಡು. ಹ್ಯಾಂಡಲ್ ತಿರವಿ ಮ್ಯಾಲಿನ ಗಾಲಿ ಎತ್ತಿದ್ರ ಬ್ಲೇಡ್ ಬಿಗಿ, ಇಳಿಸಿದ್ರ ಸಡ್ಲ. ಎಲ್ಲಾ ಆಟ ಇಷ್ಟ. ಸಡ್ಲಾತು ಅಂದ್ರ ಕಟಗ್ಯಾಗ ಡೊಂಕ ಹೋಗ್ತೈತಿ. ಭಾಳ ಬಿಗಿ ಆತಂದ್ರ ಕಡದ ತುಂಡಾಗ್ತೈತಿ.

ಮೊದಲನೇ ಬ್ಲೇಡ್ ಹ್ವಾದಾಗ ರಾಯಪ್ಪಗ ಏನ ಹೇಳಿದೆ? ಭಾಳ ಬಿಗದಿ ಅಂತ ಹೇಳಿದೆ. ಎರಡನೇದ ಹ್ವಾದಾಗ? ಸಡ್ಲ ಬಿಟ್ಟಿ ಅಂದೆ... ಯಾಕ ಹಂಗ ನೋಡ್ತಿ? ಎರಡೂ ಖರೇ ಇರಬಾರದೇನು? ಒಮ್ಮೆ ಹಂಗ ಮಾಡಿರ್ತಾನ, ಒಮ್ಮೆ ಹಿಂಗ! ಹುಡುಗ ಬುದ್ಧಿ! ಸಂಜಿಕ ಕೆಲಸ ಮುಗದ ಮ್ಯಾಲೆ ಬಿಗಿ ಇಳಸಬೇಕು, ಇಳಸ್ತಿದ್ನೇನು? ಮುಂಜಾನೆ ಎದ್ದ ಮತ್ತ ನೋಡಿ ಏರಸಬೇಕು, ನೋಡ್ತಿದ್ನೇನು? ಇಲ್ಲಿ ಬಾ, ಗಾಲಿ ಮ್ಯಾಲಿನ ರಬ್ಬರ ಮುಟ್ಟಿ ನೋಡು. ಹಲಸಿನ ಕಟಗಿ ಅಂಟು, ಹೊಟ್ಟು, ಎಲ್ಲಾ ಕೂಡಿ ಗಟ್ಟಿ ಗಂಟಾಗಿ ಕುಂತಾವ. ಗಾಲಿ ಒಂದ ಸುತ್ತ ತಿರಗಿದ್ರ ಬ್ಲೇಡ್ ಒಮ್ಮೆ ಜಿಗೀತೈತಿ. ಜಿಗದೂ ಜಿಗದೂ ಕಡೀತೈತಿ. ಇದನ್ನ ಕೆರದ ಒರಸೂದ ಯಾರ ಕೆಲಸ? ನಂದೇನ? ಮಾರಿದಾಂವ ದಿನಾ ಬಂದ ಕಸಾ ಹೊಡೀಬೇಕೇನು?

ಮತ್ತ ಆ ಮುಚ್ಚಳ! ಬ್ಲೇಡಿನ ಮುಂದ ಮುಚ್ಚಳ ಇದ್ದಿದ್ರ ಮಾರಿ ಉಳೀತಿತ್ತು. ಯಾಕ ತಗದ ಒಗದಾ ಅದನ್ನ?... ಏನು? ತಲಿ ಯಾಕ ಅಳ್ಳಾಡಸ್ತಿ? ಕೊಟ್ಟಾಗನ ಇರಲಿಲ್ಲಾ?... ಹಾಂ. ಹೌದ, ಇರಲಿಲ್ಲ. ಇರಲಿ, ಅದು ಸಣ್ಣ ಮಾತು.

ತಾ ಆ ಹೊಸಾ ಬ್ಲೇಡು. ನನ್ನ ಅಂಗಡ್ಯಾಗಿಂದ ನನ್ನ ಕೇಳದನ ಹೆಗಲಿಗೆ ಹಾಕ್ಕೊಂಡ ಬಂದೀಯಲ್ಲಾ, ಅದು. ಹಾಕಿ ತೋರಸ್ತೀನಿ. ರಬ್ಬರ ಒರಸಿದೆ... ಬ್ಲೇಡ್ ಏರಸಿದೆ... ಈಗ ಬಿಗಿ. ಒಂದ ಸುತ್ತು. ಇನ್ನೊಂದು. ಬೊಟ್ಟಲೆ ಬಾಜೂಕ ದೂಡು, ದೂಡ ಹೆದರಬ್ಯಾಡ. ಕಾಳಿನಷ್ಟ ಸರದ್ರ ಬರೋಬರಿ. ಬೆರಳಲೆ ಮೀಟಿ ನೋಡು... ಕೇಳಿದಿ? ಟಂಯ್ ಅಂತು. ಎಷ್ಟ ಛಂದ ಅಂತು! ಇದು ಮಶೀನು. ಸಣ್ಣ ಕೂಸ ನಿಂತ ಕೊರೀಬೇಕು, ಹಂಗೈತಿ.

ಆ ಡಬ್ಬಿ? ಹ್ಯಾಂಡಲ್ಲಿನ ಕೆಳಗಿಂದು? ಅದರಾಗ ಸ್ಪ್ರಿಂಗ್ ಇರ್ತೈತಿ. ಬಿಗಿ ಕಾಯೂ ಸ್ಪ್ರಿಂಗು. ಅದನ್ನ ಬಿಚ್ಚೂದ ಬ್ಯಾಡ, ತಯಾರ ಮಾಡಿದವರ ಬಿಗದ ಕಳಿಸಿದ್ದು, ಬಿಚ್ಚಿದ್ರ ಹಾಳಾಗ್ತೈತಿ. ಅದರಾಗ ಏನೂ ಇಲ್ಲ... ಅಂದ್ರ, ಏನೂ ತಪ್ಪಿಲ್ಲ.

ಕರೆಂಟ್ ಇಲ್ಲ ಅಂತ ಬಿಟ್ಟೀನಿ ನೋಡ. ಇದ್ದಿದ್ರ ನಾನ ನಿಂತ, ನಿನ್ನ ಮುಂದ, ಈ ಕೈಲೆ ಒಂದ ಕಟಗಿ ಫಳಿ ಕೊರದ ತೋರಸ್ತಿದ್ದೆ. ಏನ ಮಾಡೂದು, ದಿನಾ ಸಂಜೀತನಕ ತಗೀತಾರ. ನಡಿ, ಬಸ್‌ಸ್ಟ್ಯಾಂಡಿಗೆ ಬಿಡು ನನ್ನ. ಸದಾಶಿವನಗರದ ಮನ್ಯಾಗ ನನ್ನ ಹೇಣ್ತಿ ಕಾಂತಾ ಊಟಕ್ಕ ಕಾಯ್ಕೋತ ಕುಂತಿರ್ತಾಳ. ನಾ ಪೊಲೀಸರ ಕಡೆ ಹೋಗೂದಿಲ್ಲ. ಹೊಡದದ್ದ ಮರತೀನಿ, ನೀನೂ ಮರತಬಿಡು...

ಆಂ?... ಬಲ್ಬ್ ಹತ್ತೀತು.

ಇವತ್ತ ಲಗೂನ ಬಂತಲ್ಲಾ ಕರೆಂಟು! ಮತ್ತ ಹೋಗ್ತೈತಿ ಬಿಡು, ಈಗಿನ ಕರೆಂಟಿನ ಭರೋಸೆ ಏನೈತಿ... ಬೀರಣ್ಣ, ಬಾಗಲಾ ಯಾಕ ಹಾಕ್ತಿ? ಏನದು? ಮತ್ತಿ ಕಟಗಿ ತುಂಡ? ಆ ಬಾಜೂಕ ಎಂಥಾ ಗಂಟೈತಿ ನೋಡು! ಅದನ್ನ ಯಾರ ಕೊರೀತಾರ? ...ನಾ? ನಾ ನಿಂದರಬೇಕ? ಇಲ್ಲೇ? ರಾಯಪ್ಪ ನಿಂತ ಜಾಗಾದಾಗ?

ಅಲ್ಲೋ, ಚಾಳೀಸಿಲ್ಲದ ನನಗ ಕಣ್ಣ ಕಾಣೂದಿಲ್ಲ, ಅದು ಅಂಗಡ್ಯಾಗ ಉಳೀತು. ಧೋತರಾ ಉಟಗೊಂಡ ಮಶೀನಿಗೆ ನಿಂದರಬಾರದು. ನಾ ಮಾರಾಂವ ಮಾರಾಯಾ, ಕೊರ್ಯಾಂವ ಅಲ್ಲ... ಅಯ್ಯಯ್ಯೋ! ಮೊಣಕೈ! ತಿರವಬ್ಯಾಡ, ಮುರೀತೈತಿ... ಬಂದೆ, ಬಂದೆ! ಎಳೀಬ್ಯಾಡ, ಬಂದ ನಿಂತೀನಿ. ಕೊರಳ ಬಿಡು... ಕೊರಳ ಬಿಡ್ರಿ, ಉಸರ ಹಿಡೀತೈತಿ. ಒಂದ ಕೈ ನನ್ನ ಕೊರಳಾಗ, ಒಂದ ಕೈ ಬಟನ್ ಮ್ಯಾಲೆ. ಇದು ಹಾರಿದ್ರ ನಿಮಗೂ ಬಡೀತೈತ್ರಿ ಬೀರಣ್ಣಾರ!

ಹಾರಿದ್ರ ಅಂದೆ... ಹಾರ್ತೈತಿ ಅನ್ನಲಿಲ್ಲ.

ಏನರೆ ಮಾತಾಡ್ರಲಾ. ಕುರಿ ಸಂತ್ಯಾಗ ಟವಲ್ಲಿನ ಒಳಗ ಬೆರಳ ಹಿಡದ ಯವಾರ ಮಾಡಾವರ ನೀವು, ಬಾಯಿ ಬಿಚ್ಚಿ ಗೊತ್ತಿಲ್ಲ. ನಾ ಮಾತಲೆ ಬದುಕಾಂವ. ನೀವ ಸುಮ್ಮನ ನಿಂತಷ್ಟೂ ನಾ ದರ ಏರಸಕೋಂತ ಹೊಂಟೀನಿ. ಆತು, ರಾಯಪ್ಪನ ದವಾಖಾನಿ ಖರ್ಚ ನಂದು. ಸಾಲದ? ಬ್ಯಾರೆ ಮಶೀನ ಕೊಡ್ತೀನಿ, ಹೊಸಾದು, ಮುಚ್ಚಳದ್ದು. ಅದೂ ಸಾಲದ? ಅಂಗಡ್ಯಾಗ ಕುಂಡರಸ್ತೀನಿ ಅವನ್ನ, ರೊಕ್ಕದ ಗಲ್ಲೆ ಮ್ಯಾಲೆ! ...ಬೆರಳ ಒತ್ತಬ್ಯಾಡ್ರಿ! ಮೈಲೆ ಒತ್ತಿ ಕಟಗಿ ದೂಡಬ್ಯಾಡ್ರಿ ಮುಂದ! ಆ ಗಂಟ ಬ್ಲೇಡಿಗೆ ಸಿಕ್ತಂದ್ರ...

ಸ್ಪ್ರಿಂಗ್ ಇಲ್ಲ! ಅದರಾಗ ಸ್ಪ್ರಿಂಗ್ ಇಲ್ಲೋ ಯಪ್ಪಾ!

...ಆತ? ಹೇಳಿದೆ. ಹಳೇ ಮಶೀನು. ಸ್ಪ್ರಿಂಗ್ ಮುರದಿತ್ತು, ಎಲ್ಲಿ ಹುಡಕಿದ್ರೂ ಅದರ ಅಳತೀದ ಸಿಗಲಿಲ್ಲ. ಅಷ್ಟುದ್ದ ಕಬ್ಬಿಣದ ಪೈಪ್ ಕೊರದ ತುರಕಿ, ಮ್ಯಾಲೆ ಹಸರ ಬಣ್ಣಾ ಹೊಡಸಿ ಮಾರಿದೆ. ಕಟಗಿ ಗಂಟ ಬ್ಲೇಡ್ ಹಿಡದ ಜಗ್ಗಿದಾಗ ಸ್ಪ್ರಿಂಗ್ ಇದ್ರ ಥೋಡೆ ಬಾಗಿ ಕೊಡ್ತೈತಿ, ಬ್ಲೇಡ್ ಉಳೀತೈತಿ. ಪೈಪ್ ಎಲ್ಲಿ ಬಾಗ್ತೈತಿ? ಬ್ಲೇಡ ಕಡೀಬೇಕು. ಎಷ್ಟ ಬಿಗದ್ರೂ ಅಷ್ಟ, ಎಷ್ಟ ಸಡ್ಲ ಬಿಟ್ರೂ ಅಷ್ಟ. ನಿಮ್ಮ ತಮ್ಮಂದೇನೂ ತಪ್ಪಿಲ್ಲ. ಸಾಕಲ್ಲಾ? ಈಗರೆ ಕೈ ತಗೀರಿ.

ತಗೀವಲ್ರಿ... ಇನ್ನೇನ ಬೇಕ ನಿಮಗ?

ಓ... ಅದೂ ಗೊತ್ತೈತಿ. ಅದೂ ನನ್ನ ಬಾಯಿಲೆ ಬರಬೇಕು, ಅಲ್ಲಾ? ಅದಕ್ಕ ಹಿಂಗ ಕಣ್ಣ ಪಿಳಕಿಸದ ನೋಡಾಕತ್ತೀರಿ. ಹೌದ್ರಿ, ಬಂದಿದ್ದಾ! ಎರಡನೇ ಬ್ಲೇಡ್ ಕಡದ ಮ್ಯಾಲೆ ರಾಯಪ್ಪ ತಾನ ಡಬ್ಬಿ ಬಿಚ್ಚಿದ್ದಾ. ಆ ಪೈಪಿನ ತುಂಡ ಟವಲ್ಲಿನ್ಯಾಗ ಸುತಗೊಂಡ ಅಂಗಡಿಗೆ ಬಂದ. 'ಸಾವಕಾರ್ರ, ಇದೇನ್ರಿ?' ಅಂದ. ಗಿರಾಕಿ ಕುಂತಿದ್ರು, ಎಲ್ಲಾರೂ ಹೊಳ್ಳಿ ನೋಡಿದ್ರು. ನಾ ಏನ ಮಾಡಲಿ? 'ಇದು ಹೊಸಾ ನಮೂನಿ ತಮ್ಮಾ, ನಿನಗ ತಿಳ್ಯಾಂಗಿಲ್ಲ, ಇದ್ದಲ್ಲೇ ಇಟ್ಟ ಇನ್ನಷ್ಟ ಬಿಗಿ ಮಾಡ' ಅಂದೆ. ಹುಡುಗ ನಂಬಿದ. ಆಮ್ಯಾಲ ಅವನ ಮಾರಿಗೆ ಬಡದ ಮೂರನೇ ಬ್ಲೇಡ್ ನಾನ ಕಟ್ಟಿ ಕೊಟ್ಟೆ. ತಪ್ಪಾತು ಅಂತ ಅವನ ನನಗ ಕೈ ಮುಗದ ಹ್ವಾದ...

ಅದನ್ನ ಹೇಳ್ಯಾನಲ್ಲಾ ನಿಮಗ ಅವಾ? ಹೇಳ್ಯಾನಿಲ್ಲ?

ಬೀರಣ್ಣಾ?... ಯಾಕೋ, ಮಾರಿ ಯಾಕ ಹಿಂಗಾತು ನಿಂದು? ನೀ... ನಿನಗ ಗೊತ್ತಿರಲಿಲ್ಲಾ?

ಬೀರಣ್ಣಾ, ಬಟನ್ ಒತ್ತಬ್ಯಾಡ... ನಾ ಇನ್ನೂ ಇಲ್ಲೇ ನಿಂತೀನೋ!