ಏಳು ನಿಮಿಷ ನಿಂತ ಗಡಿಯಾರ

ಇದು ನನ್ನ ಚಿಕ್ಕಪ್ಪನ ಮಗಳಿಗೆ ಆಗಿದ್ದು. ರಾತ್ರಿಯಿಡೀ ಎಚ್ಚರ, ಹಗಲೆಲ್ಲ ಗೊರಕೆ. ಅದಕ್ಕೇ ಮನೆಯಲ್ಲಿ ಅವಳನ್ನು ಗೂಬೆ ಅಂತೀವಿ. ನಗಬೇಡಿ… ಅವಳ ಮುಂದಿನ ಎರಡು ಹಲ್ಲು ಕಟ್ಟಿಸಿದ್ದು. ಯಾಕೆ ಅಂತ ಹೇಳ್ತೀನಿ.

ಗುಡ್ಡದ ಮೇಲಿನ ವೀಕ್ಷಣಾಲಯದಲ್ಲಿ ಅವಳ ಕೆಲಸ. ನೂರೈವತ್ತು ವರ್ಷದ ಹಿಂದೆ ದುರ್ಬೀನಿನಲ್ಲಿ ನೋಡಿ ಬರೆದಿಟ್ಟ ಆಕಾಶದ ಮಸುಕು ಮಚ್ಚೆಗಳು ಇವತ್ತಿನ ಫೋಟೋದಲ್ಲಿ ಯಾವ ಗ್ಯಾಲಕ್ಸಿ ಅಂತ ಗುರುತು ಹಿಡಿಯೋದು. ಆಗ ಅಲ್ಲಿ ಇಬ್ಬರು ಅಣ್ಣತಮ್ಮಂದಿರಿದ್ದರಂತೆ. ಅಣ್ಣ ಏಣಿ ಹತ್ತಿ, ದುರ್ಬೀನಿಗೆ ಕಣ್ಣಿಟ್ಟು, "ಈಗ!" ಅಂತ ಕೂಗಬೇಕು. ತಮ್ಮ ಕೆಳಗೆ ಗಡಿಯಾರ ನೋಡಿ ಹೊತ್ತು ಬರೆಯಬೇಕು. ಆ ಹೊತ್ತಿನಿಂದಲೇ ಆಕಾಶದಲ್ಲಿ ಜಾಗ ಗೊತ್ತಾಗೋದು. ಅವರ ಪುಸ್ತಕದ ಕೊನೆಯ ಪುಟದ ಒಂದು ಮಚ್ಚೆ ಮಾತ್ರ ಯಾರಿಗೂ ಸಿಕ್ಕಿರಲಿಲ್ಲ. ಬರೆದ ಜಾಗದಲ್ಲಿ ಬರೀ ಕತ್ತಲು. ತಮ್ಮ ಹೊಟ್ಟೆಕಿಚ್ಚಿಗೆ ತಪ್ಪು ಬರೆದು ಓಡಿಹೋದ ಅಂತ ಅಣ್ಣ ಹೇಳಿದ್ದ, ಎಲ್ಲರೂ ನಂಬಿದ್ದರು. ಅಷ್ಟು ದುಂಡಗೆ ಬರೆಯೋನು ಸುಳ್ಳು ಬರೀತಾನಾ ಅಂತ ಗೂಬೆ ನಮ್ಮ ಮೇಲೇ ಜಗಳಕ್ಕೆ ಬರ್ತಿದ್ದಳು.

ಒಂದು ರಾತ್ರಿ ವಾಚ್‌ಮನ್ ತಾತನ ಜೊತೆ ಗುಡ್ಡ ಇಳೀತಿದ್ದಾಳೆ. ಗೇಟಿನಲ್ಲಿ ಇಬ್ಬರೂ ವಾಚು ಸರಿಮಾಡಿಕೊಂಡಿದ್ದರು. ದಾರಿಯಲ್ಲೊಂದು ಪಾಳುಬಾವಿ. ಒಳಗಿಂದ… ಟಕ್… ಟಕ್… ಟಕ್…

"ತಾತ, ಕೇಳಿಸ್ತಾ?"

"ಮಾತಾಡ್ಬೇಡ. ನಡಿ."

ಸದ್ದು ನಿಂತಿತು. ಬಾವಿಯೊಳಗೆ ಒಂದು ದನಿ. "ಮೊದಲು ಕಂಡಿದ್ದು ನಾನು, ಅಣ್ಣ… ನನ್ನ ಹೆಸರು ಬರಿ…"

ಧಡ್! ಮಡಕೆ ಒಡೆದ ಹಾಗೆ. ಮತ್ತೆ ಧಡ್! ಯಾರೋ ಗೂಬೆಯ ಜಡೆ ಹಿಡಿದು ಮುಖವನ್ನು ಬಾವಿಕಟ್ಟೆಗೆ ಅಪ್ಪಳಿಸಿದರು. ಒಂದಲ್ಲ, ಮೂರು ಸಲ. ಬಾಯಿ ತುಂಬ ರಕ್ತ, ಹಲ್ಲಿನ ಚೂರು. ತಾತ ಅವಳ ಸೊಂಟ ಹಿಡಿದು ಎಳೀತಿದ್ದಾನೆ, ಕಾಣದ ಆ ಕೈ ಬಿಡ್ತಿಲ್ಲ…

ಟಕ್.

ಕೈ ಬಿಟ್ಟಿತು. ನೋಡಿದರೆ, ಅವಳ ವಾಚು ತಾತನ ವಾಚಿಗಿಂತ ಏಳು ನಿಮಿಷ ಹಿಂದೆ.

ಬೇರೆಯವರಾಗಿದ್ದರೆ ಆಸ್ಪತ್ರೆಗೆ ಓಡ್ತಿದ್ದರು. ಇವಳು ರಕ್ತ ಉಗುಳುತ್ತಾ ಮತ್ತೆ ಗುಡ್ಡ ಹತ್ತಿದಳು. ಪುಸ್ತಕದಲ್ಲಿ ಬರೆದಿದ್ದ ಹೊತ್ತಿಗೆ ಏಳು ನಿಮಿಷ ಸೇರಿಸಿ, ಆ ಜಾಗದ ಫೋಟೋ ನೋಡಿದಳು. ಇತ್ತು… ಗಾಜಿನ ಮೇಲೆ ಉಸಿರು ತಾಗಿದ ಹಾಗೆ, ಮಸುಕಾಗಿ, ಆ ಗ್ಯಾಲಕ್ಸಿ.

ಪಾಪಿಷ್ಠ ಅಣ್ಣ! ಗಡಿಯಾರದಲ್ಲಿ ತೂಗಾಡೋ ಕಬ್ಬಿಣದ ಗುಂಡು ಬಿಚ್ಚಿ, ಅದರಿಂದಲೇ ತಮ್ಮನ ತಲೆ ಜಜ್ಜಿದ್ದಾನೆ. ಅಷ್ಟು ಹೊತ್ತೂ ಗಡಿಯಾರ ನಿಂತಿದೆ. ಗುಂಡು ಮತ್ತೆ ನೇತುಹಾಕಿ, ಹೆಣವನ್ನು ಕೆಳಗೇ ಬಿಟ್ಟು, ಆ ಮಚ್ಚೆ ತನ್ನದಾಗಿಸಿಕೊಳ್ಳೋಕೆ ಏಣಿ ಹತ್ತಿದ್ದಾನೆ. ಆಮೇಲೆ ಹೆಣವನ್ನು ಬಾವಿಗೆ ಎಸೆದಿದ್ದಾನೆ. ಬಾವಿ ತೋಡಿಸಿದಾಗ ಮೂಳೆ ಸಿಕ್ಕಿತು, ಬುರುಡೆ ನುಚ್ಚುನೂರು. ಗೂಬೆ ಹಟ ಹಿಡಿದು ಆ ಗ್ಯಾಲಕ್ಸಿಗೆ ತಮ್ಮನ ಹೆಸರೇ ಬರೆಸಿದಳು.

ಆದರೆ ಒಂದು ಮಾತು… ಅಣ್ಣ ಮೇಲಿಂದ ಅಭ್ಯಾಸಬಲಕ್ಕೆ "ಈಗ!" ಅಂತ ಕೂಗಿದಾಗ ಕೆಳಗೆ ಬದುಕಿದ್ದೋರು ಯಾರೂ ಇರಲಿಲ್ಲ ಅಲ್ವಾ? ಆ ಪುಸ್ತಕ ನಾನೇ ಕೈಯಲ್ಲಿ ಹಿಡಿದು ನೋಡಿದ್ದೀನಿ. ಸುಳ್ಳು ಅನ್ನೋರು ಹೋಗಿ ನೋಡಿ, ಅಲ್ಲೇ ಬೀರುವಿನಲ್ಲಿದೆ. ಗಡಿಯಾರ ತೋರಿಸಿದ ಹೊತ್ತನ್ನೇ ಬರೆದಿದೆ. ದುಂಡಗಿನ ಅಕ್ಷರ. ತಮ್ಮನದೇ.